ಪಡಿವಾಳ್ ಜೋಡಿಕಚ್ಚು

ಕತ್ತಲಿಗೆ ಹೆದರುವವನಿಗೆ ನಾಲ್ಕು ತಿಂಗಳ ಉದ್ದದ ರಾತ್ರಿ ಇರುವ ಜಾಗದಲ್ಲಿ ನೌಕರಿ ಸಿಕ್ಕರೆ ಹೇಗೆ ಎಂದು ಬಿಂದುಮಾಧವ ಗಲಗಲಿಯನ್ನು ಯಾರೂ ಕೇಳಿರಲಿಲ್ಲ. ಸಂದರ್ಶನದಲ್ಲಿ ಚಳಿ ತಡೆಯುತ್ತೀರಾ ಎಂದು ಕೇಳಿದರು, ಒಂಟಿತನ ತಡೆಯುತ್ತೀರಾ ಎಂದು ಕೇಳಿದರು, ಬದನೆಕಾಯಿ ಎಣ್ಣೆಗಾಯಿ ಇಲ್ಲದೆ ಎರಡು ವರ್ಷ ಬದುಕುತ್ತೀರಾ ಎಂದು ಒಬ್ಬರು ನಗೆಯಾಡಿದರು. ಮೂವತ್ತಾರು ವರ್ಷದ ಎಂಜಿನಿಯರನಿಗೆ ಗುಮ್ಮನ ಭಯ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಅವನೂ ಹೊಳೆಸಲು ಹೋಗಲಿಲ್ಲ.

ಭಯ ಹಳೆಯದು. ಗದಗ ಬೆಟಗೇರಿಯ ಅವನ ಮನೆಯಲ್ಲಿ ಬಚ್ಚಲು ಹಿತ್ತಲಿನ ಆಚೆ ತುದಿಗಿತ್ತು. ಹೊತ್ತು ಮುಳುಗಿದ ಮೇಲೆ ಅಂಬಕ್ಕ ಬ್ಯಾಟರಿ ಹಿಡಿದು ಮುಂದೆ ನಡೆದರೆ ಮಾತ್ರ ಇವನ ಕಾಲು ಏಳುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಅವನನ್ನು ಬೆಳೆಸಿದವಳು ಹತ್ತು ವರ್ಷಕ್ಕೆ ದೊಡ್ಡವಳಾದ ಈ ಅಕ್ಕನೇ. ಅವಳು ಮನೆಯಲ್ಲಿಲ್ಲದ ದಿನಕ್ಕೆ ಬಿಂದು ಒಂದು ಉಪಾಯ ಹುಡುಕಿಕೊಂಡಿದ್ದ: ಬೇರೆಯವರ ದನಿಯಲ್ಲಿ ಮಾತಾಡುತ್ತ ಹೋಗುವುದು. ಹೆಡ್ಮಾಸ್ತರರ ದನಿ ತೆಗೆದರೆ ಹೆಡ್ಮಾಸ್ತರರೇ ಬೆತ್ತ ಹಿಡಿದು ಜೊತೆಗೆ ಬಂದಂತೆ. ರೈಲು ಹೊರಡುವ ವೇಳೆ ಸಾರುವ ಹೆಣ್ಣುದನಿ ತೆಗೆದರೆ ಇಡೀ ಪ್ಲಾಟ್‌ಫಾರಮ್ಮು ಜೊತೆಗಿದ್ದಂತೆ. ಮುಂದೆ ಕಾಲೇಜಿನಲ್ಲಿ ಇದಕ್ಕೆ ಮಿಮಿಕ್ರಿ ಎಂದು ಹೆಸರಾಯಿತು, ಮೂರು ವರ್ಷ ಮೊದಲ ಬಹುಮಾನ ಬಂತು. ತಾವು ಅಂಜುಬುರುಕುತನಕ್ಕೆ ಕಪ್ಪು ಕೊಡುತ್ತಿದ್ದೇವೆಂದು ಕೊಟ್ಟವರಿಗೆ ಗೊತ್ತಿರಲಿಲ್ಲ.

ಈಗ ಅವನಿದ್ದದ್ದು ಉತ್ತರ ಧ್ರುವಕ್ಕೆ ಹತ್ತಿರದ ಒಂದು ದ್ವೀಪದಲ್ಲಿ, ಚಳಿಗಾಲಕ್ಕೆ ಇಬ್ಬರೇ ಉಳಿಯುವ ಠಾಣೆಯಲ್ಲಿ. ಇನ್ನೊಬ್ಬರು ಡಾ. ಯಶೋಧರಾ ಪಡಿವಾಳ್. ಕಾರ್ಕಳದ ಕಡೆಯವರು, ಅರವತ್ತು ತುಂಬಲು ಐದು ತಿಂಗಳು ಉಳಿದಿತ್ತು, ಎಡ ಮೊಣಕಾಲು ಕೈಕೊಟ್ಟಿದ್ದರಿಂದ ಮಂಜಿನ ಮೇಲೆ ನಡೆಯುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಅವರು ಬೆನ್ನು ಹತ್ತಿದ್ದು ಒಂದೇ ಸಂಗತಿಯನ್ನು: ಧ್ರುವಪ್ರಭೆಯ ಧ್ರುವೀಕರಣ. ಧ್ರುವದಲ್ಲಿ ಕೂತು ಧ್ರುವಪ್ರಭೆಯ ಧ್ರುವೀಕರಣ ಅಳೆಯುವುದೆಂದರೆ ಹೇಳುವಾಗಲೇ ನಾಲಿಗೆ ಮೂರು ಸಲ ಹೆಪ್ಪುಗಟ್ಟುತ್ತದೆ ಎಂದು ಬಿಂದು ಅಕ್ಕನಿಗೆ ಹೇಳಿದ್ದ. ಹಾಗೆಂದರೇನು ಎಂದು ಅವಳು ಕೇಳಿದಾಗ ಠಾಣೆಯ ಹಗ್ಗದ ಉದಾಹರಣೆ ಕೊಟ್ಟಿದ್ದ. ಮನೆಯಿಂದ ಯಂತ್ರದ ಗುಡಿಸಲಿಗೆ ಎಂಬತ್ತು ಹೆಜ್ಜೆ. ಹಿಮಗಾಳಿಯಲ್ಲಿ ದಾರಿ ತಪ್ಪದಿರಲೆಂದು ನಡುವೆ ಹಗ್ಗ ಕಟ್ಟಿದೆ. ಆ ಹಗ್ಗವನ್ನು ಹೇಗೆಂದರೆ ಹಾಗೆ ಅಲುಗಿಸಿದರೆ ಅದು ಸಾಧಾರಣ ಬೆಳಕು. ಮೇಲೆ ಕೆಳಗೆ ಮಾತ್ರ ಅಲುಗಿಸಿದರೆ ಅದು ಧ್ರುವೀಕರಣಗೊಂಡ ಬೆಳಕು. ಆಕಾಶದಲ್ಲಿ ಇನ್ನೂರು ಕಿಲೋಮೀಟರ್ ಮೇಲೆ ಏಳುವ ಕೆಂಪು ಪ್ರಭೆ ಒಂದೇ ದಿಕ್ಕಿಗೆ ನಡುಗತೊಡಗಿದರೆ, ಸೂರ್ಯನಿಂದ ಬಂದ ಎಲೆಕ್ಟ್ರಾನುಗಳು ಸಾಲು ಹಿಡಿದು ಇಳಿಯುತ್ತಿವೆ ಎಂದು ನೆಲದ ಮೇಲೆ ನಿಂತೇ ಹೇಳಬಹುದು.

ಹೇಳಿದರೆ ಲಾಭವೂ ಇತ್ತು. ರಾಜಸ್ಥಾನದ ಬಿಸಿಲು, ಉತ್ತರ ಸಮುದ್ರದ ಗಾಳಿ, ಆಫ್ರಿಕದ ನದಿ, ಎಲ್ಲದರ ಕರೆಂಟೂ ಒಂದೇ ಜಾಲದಲ್ಲಿ ಹರಿಯುವ ಕಾಲ ಅದು. ವಿಶ್ವತಂತಿ ಎಂದು ಅದರ ಹೆಸರು. ಸೂರ್ಯನ ಬಿರುಗಾಳಿ ಧ್ರುವಕ್ಕೆ ಬಡಿದರೆ ಆ ತಂತಿಯೊಳಗೆ ಕರೆಯದ ಕರೆಂಟು ಹೊಕ್ಕು ಟ್ರಾನ್ಸ್‌ಫಾರ್ಮರು ಸುಡುತ್ತಿತ್ತು. ಉಪಗ್ರಹ ಮೊದಲೇ ಎಚ್ಚರಿಕೆ ಕೊಡುತ್ತಿತ್ತು, ನಿಜ. ಆದರೆ ಅದು ಹತ್ತು ಸಲ ಕೂಗಿದರೆ ಆರು ಸಲ ಹುಸಿ. ಪ್ರತಿ ಕೂಗಿಗೂ ಜಗತ್ತಿನ ಕರೆಂಟು ತೆಗೆಯುವುದು ಆಗದ ಮಾತು. ಈ ಕೂಗು ನಿಜ ಎಂದು ನೆಲದಿಂದ ಯಾರಾದರೂ ಖಾತ್ರಿ ಹೇಳಬೇಕಿತ್ತು.

ಉಪಗ್ರಹ ಕೂಗಿದಾಗ ಠಾಣೆಯಲ್ಲಿ ಕತ್ತಲೆ ನಿಯಮ ಜಾರಿಗೆ ಬರುತ್ತಿತ್ತು. ಅಂಗಳದಲ್ಲಿ ಸದಾ ಉರಿಯುತ್ತಿದ್ದವು ಹಸಿರು ದೀಪಗಳು; ಕೆಂಪನ್ನು ಮಾತ್ರ ನೋಡುವ ಯಂತ್ರಕ್ಕೆ ಹಸಿರು ಕಾಣದು. ಆದರೂ ಅನುಮಾನ ಬೇಡವೆಂದು ಅವನ್ನೂ ಆರಿಸಿ, ಕಿಟಕಿಗಳಿಗೆ ಕರಿಪರದೆ ಇಳಿಸಿ, ಮೇಡಂ ಒಳಗೆ ಪರದೆಯ ಮುಂದೆ ಕೂರುತ್ತಿದ್ದರು. ಯಂತ್ರದ ಗಾಜಿನ ಬುರುಡೆಯ ಮೇಲೆ ಕೂರುವ ಮಂಜನ್ನು ಎರಡು ಗಂಟೆಗೊಮ್ಮೆ ಹೋಗಿ ಉಜ್ಜುವ ಕೆಲಸ ಬಿಂದುವಿನದು. ಹಗಲು ಹನ್ನೊಂದಕ್ಕೂ ತನ್ನ ಕೈ ತನಗೆ ಕಾಣದ ಕತ್ತಲು. ಎಂಬತ್ತು ಹೆಜ್ಜೆ.

ಮೊದಲ ಸಲ ಅವನು ಹೆಡ್ಮಾಸ್ತರರನ್ನೂ ರೈಲಿನವಳನ್ನೂ ಕರೆದುಕೊಂಡೇ ಹೋದ. ಸಾಲಲಿಲ್ಲ. ನಡುದಾರಿಯಲ್ಲಿ ನಿಂತುಬಿಟ್ಟ, ತಿರುಗಿ ಬಂದು ಗಾಜು ಉಜ್ಜಿದೆನೆಂದು ಸುಳ್ಳು ಹೇಳಿದ. ಆ ವಾರವೇ ಅಂಬಕ್ಕನ ಪಾರ್ಸಲ್ಲು ಬಂತು. ಚಟ್ನಿಪುಡಿ, ಶೇಂಗಾ ಹೋಳಿಗೆ, ಮತ್ತು ಮಡಚಿಟ್ಟ ಒಂದು ಆಕಾಶಬುಟ್ಟಿ. ದೀಪಾವಳಿಗೆ ಬಿದಿರ ಕಡ್ಡಿ, ಬಣ್ಣದ ಹಾಳೆ ತಂದು ಆಕಾಶಬುಟ್ಟಿ ಮಾಡಿ ಮಾರುವುದು ಅವಳ ವರ್ಷದ ರೂಢಿ. ಇದಕ್ಕೆ ಕೆಂಪು ಜಿಲೆಟಿನ್ ಹಾಳೆ ಹಚ್ಚಿ, ಒಳಗೆ ಬ್ಯಾಟರಿಯ ಪುಟ್ಟ ಬಲ್ಬು ಇಟ್ಟಿದ್ದಳು. ಕಾರ್ತಿಕ ಮುಗಿಯೂತನಕ ಹೊರಗ ಕಟ್ಟು ಎಂದು ಚೀಟಿ.

ಬಿಂದು ಅದನ್ನು ಹಗ್ಗದ ನಡುಗಂಬಕ್ಕೆ ಕಟ್ಟಿದ. ಹಸಿರು ದೀಪ ಉರಿಯುವಾಗ ಅದು ಬೇಕಿರಲಿಲ್ಲ. ಕತ್ತಲೆ ನಿಯಮ ಬಂದಾಗ ಮಾತ್ರ, ಹಸಿರು ಆರುವ ಮೊದಲೇ ಓಡಿಹೋಗಿ ಹಚ್ಚಿ ಬರುತ್ತಿದ್ದ. ಅದು ಯಂತ್ರದ ಕಣ್ಣಳತೆಗಿಂತ ಕೆಳಗಿತ್ತು. ಇಷ್ಟು ಸಣ್ಣ ದೀಪ ಆ ದೊಡ್ಡ ಆಕಾಶಕ್ಕೆ ಯಾವ ಲೆಕ್ಕ ಎಂದುಕೊಂಡ. ಮೇಡಂಗೆ ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಕಾರ್ತಿಕ ಮುಗಿದ ಮೇಲೂ ಬುಟ್ಟಿ ಇಳಿಯಲಿಲ್ಲ.

ಆ ಚಳಿಗಾಲದಲ್ಲಿ ಮುಂದೆ ಮೂರು ಸಲ ಉಪಗ್ರಹ ಕೂಗಿತು. ಮೂರು ಸಲವೂ, ಬಿರುಗಾಳಿ ಬಡಿಯುವ ಆರು ಗಂಟೆ ಮೊದಲು, ಪರದೆಯ ಮೇಲೆ ಧ್ರುವೀಕರಣ ತೋರಿಸುವ ಯಂತ್ರದ ಗೆರೆ ಶೇಕಡಾ ನಾಲ್ಕಕ್ಕೆ ಏರಿ ನಿಂತಿತು. ಮೂರಕ್ಕೆ ಮೂರು. ಮೂರನೆಯ ಸಲ ಮೇಡಂ ಕುರ್ಚಿಯಿಂದ ಎದ್ದು, ಕಾಲು ನೋವು ಮರೆತು, ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಇಪ್ಪತ್ತೆಂಟು ವರ್ಷ ಜನ ನನ್ನನ್ನು ಹುಚ್ಚಿ ಅಂದಿದ್ದುಂಟು ಎಂದರು. ತಾನೂ ಒಂದು ದೊಡ್ಡದರೊಳಗೆ ಪಾಲುದಾರನೆಂದು ಅವನು ನಿಜವಾಗಿ ನಂಬಿದ್ದ.

ಆ ಗೆರೆಯಲ್ಲಿ ಇನ್ನೂ ಒಂದು ಬೆರಗಿತ್ತು. ಏರಿ ನಿಂತ ಗೆರೆಗೆ ಅಲ್ಲಲ್ಲಿ ಎರಡೆರಡು ಸಣ್ಣ ಕಚ್ಚು ಬೀಳುತ್ತಿದ್ದವು, ಹನ್ನೆರಡೋ ಹದಿಮೂರೋ ನಿಮಿಷದ ಅಂತರದಲ್ಲಿ, ಇಲಿ ಕಡಿದಂತೆ. ಪ್ರಬಂಧ ಪ್ರಕಟವಾದ ಆರು ತಿಂಗಳಲ್ಲಿ ಅದಕ್ಕೆ ‘ಪಡಿವಾಳ್ ಜೋಡಿಕಚ್ಚು’ ಎಂದು ಹೆಸರು ಬಿತ್ತು. ಎಲೆಕ್ಟ್ರಾನು ಸಾಲಿನ ಎರಡು ಅಂಚುಗಳೇ ಅವು ಎಂದು ಒಂದು ದೇಶದವರು ಸಮೀಕರಣ ಬರೆದರು. ಅಂಚಲ್ಲ, ಮಡಿಕೆ ಎಂದು ಇನ್ನೊಂದು ದೇಶದವರು ಬರೆದರು. ವಿಜ್ಞಾನಿಗಳಲ್ಲೂ ಧ್ರುವೀಕರಣ ಆಯಿತು ಎಂದು ಬಿಂದು ಮೇಡಂ ದನಿಯಲ್ಲೇ ಮೇಡಂಗೆ ಹೇಳಿ ನಗಿಸಿದ. ಬರುವ ವಸಂತಕ್ಕೆ ಅವರಿಗೊಂದು ದೊಡ್ಡ ಪದಕ ಸಿಗಲಿದೆ ಎಂದು ಗೊತ್ತಾಯಿತು. ಎರಡನೆಯ ಚಳಿಗಾಲದ ಹೊತ್ತಿಗೆ ಠಾಣೆಯ ಮಾತಿನ ಮೇಲೆಯೇ ವಿಶ್ವತಂತಿಯ ಗುಂಡಿ ಒತ್ತುವುದೆಂದಾಯಿತು: ಗೆರೆ ಏರಿತೆಂದು ಠಾಣೆ ಫೋನು ಮಾಡಿದರೆ ಕರೆಂಟು ಬಂದ್, ಏರಲಿಲ್ಲವೆಂದರೆ ಉಪಗ್ರಹ ಎಷ್ಟೇ ಕೂಗಲಿ, ಕರೆಂಟು ಹರಿಯಲಿ.

ಜನ ಈ ಬಂದ್‌ಗೆ ಕೆಂಪು ರಜೆ ಎಂದು ಹೆಸರಿಟ್ಟರು. ಗದಗಿನಲ್ಲಿ ಅದಕ್ಕೊಂದು ವ್ಯವಸ್ಥೆಯೇ ಬೆಳೆಯಿತು. ಕೆಂಪು ರಜೆ ಎಂದು ಫೋನು ಗುಂಯ್‌ಗುಟ್ಟಿದರೆ ಗಿರಣಿಯವ ಅರ್ಧ ಬೀಸಿದ ಜೋಳ ವಾಪಸು ಕೊಡುವನು. ಐಸ್‌ಕ್ಯಾಂಡಿ ಅಂಗಡಿಯವ ಕರಗುವ ಮೊದಲು ಓಣಿಯ ಮಕ್ಕಳಿಗೆ ಹಂಚಿ ಪುಣ್ಯ ಕಟ್ಟಿಕೊಳ್ಳುವನು. ಕೊಡ, ಬಕೀಟು, ಬೋಗುಣಿ ಎಲ್ಲ ನಳದ ಕೆಳಗೆ ಸಾಲುಗಟ್ಟುವವು, ಯಾಕೆಂದರೆ ಪಂಪು ನಿಂತರೆ ನೀರು ಮತ್ತೆ ಬರುವುದು ಮೂರೋ ನಾಲ್ಕೋ ದಿನಕ್ಕೆ. ಆ ಸಾಲಿನಲ್ಲಿ ನಿಂತು ಜನ ಬೈಯುವಾಗ ಅಂಬಕ್ಕ ಸೆರಗು ಬಿಗಿದು ತಮ್ಮನ ಪರ ವಾದಿಸುತ್ತಿದ್ದಳು. ವಿಡಿಯೋ ಕಾಲಿನಲ್ಲಿ ಅವಳೇ ಅಭಿನಯಿಸಿ ತೋರಿಸಿದ್ದಳು. ಮಿಮಿಕ್ರಿ ಆ ಮನೆತನದಲ್ಲೇ ಇತ್ತು.

“ನಮ್ಮ ಬಿಂದ್ಯಾ ಅಲ್ಲೆ ಬರ್ಫದಾಗ ನಿಂತು ನೋಡಿ ಹೇಳ್ಯಾನ, ಅವನ ಮಾತು ಸುಳ್ಳಾಗೂದುಲ್ಲ ಅಂದೆ. ಎಲ್ಲಾರೂ ಗಪ್ಪಾದ್ರು ನೋಡು.”

ಎರಡನೆಯ ಚಳಿಗಾಲದ ಮೊದಲ ಮೂರು ಕೂಗಿಗೂ ಗೆರೆ ಏರಿತು, ಕರೆಂಟು ಹೋಯಿತು, ಬಿರುಗಾಳಿ ಮಾತ್ರ ಪ್ರತಿ ಸಲವೂ ಸೀನಿದಂತೆ ಬಂದು ಹೋಯಿತು. ನಾಲ್ಕನೆಯ ಕೂಗಿಗೂ ಗೆರೆ ಏರಿತು, ಹದಿನಾಲ್ಕು ಗಂಟೆ ಕರೆಂಟು ಹೋಯಿತು, ಬಿರುಗಾಳಿ ಬರಲೇ ಇಲ್ಲ. ಮರುದಿನ ಅಂಬಕ್ಕ ಕಾಲ್ ಮಾಡಿದಾಗ ಅವಳ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಅವಳು ಈಗಿರುವ ಅಪಾರ್ಟ್‌ಮೆಂಟಿನ ಲಿಫ್ಟು ನಿಂತಿತ್ತು, ಮೂರನೆಯ ಮಹಡಿಗೆ ಕೊಡ ಹೊತ್ತು ಏರುವಾಗ ಮೆಟ್ಟಿಲು ಕಾಣದೆ ಬಿದ್ದಿದ್ದಳು. ಈ ವರ್ಷ ಆಕಾಶಬುಟ್ಟಿ ಮಾಡಿ ಮುಗಿದಿದ್ದವು, ಪುಣ್ಯ ಎಂದಳು. ಅವಳೇ ಅವನಿಗೆ ಸಮಾಧಾನ ಹೇಳಿದಳು.

“ನಿಂದೇನ್ ತಪ್ಪೋ ಇದರಾಗ. ಲೈಟ್ ತೆಗಿಯದಿದ್ರ ಇಡೀ ಊರ ಸುಡ್ತಿತ್ತಲ್ಲ.”

ಕಾಲ್ ಮುಗಿದ ಮೇಲೆ ಬಿಂದು, ಬಿರುಗಾಳಿ ಯಾಕೆ ಬರಲಿಲ್ಲವೆಂದು ಹುಡುಕಲು ಹಿಂದಿನ ದಿನದ ಗೆರೆಯನ್ನು ಹಿಗ್ಗಿಸಿ ನೋಡುತ್ತ ಕೂತ. ಕಚ್ಚು ಹತ್ತು ಇಪ್ಪತ್ತೊಂದಕ್ಕೆ ಒಂದು, ಹತ್ತು ಮೂವತ್ತನಾಲ್ಕಕ್ಕೆ ಇನ್ನೊಂದು. ಆಮೇಲೆ ಹನ್ನೆರಡು ಇಪ್ಪತ್ತಕ್ಕೆ, ಹನ್ನೆರಡು ಮೂವತ್ತೆರಡಕ್ಕೆ. ಟೇಬಲ್ಲಿನ ಮೇಲೆ ಗಾಜು ಉಜ್ಜಿದ ದಾಖಲೆಯ ಪುಸ್ತಕ ತೆರೆದೇ ಇತ್ತು, ಅವನದೇ ಗುಂಡನೆಯ ಅಕ್ಷರ: ಹೋದದ್ದು ಹತ್ತು ಇಪ್ಪತ್ತು, ಬಂದದ್ದು ಹತ್ತು ಮೂವತ್ತೈದು. ಹೋದದ್ದು ಹನ್ನೆರಡು ಹತ್ತೊಂಬತ್ತು, ಬಂದದ್ದು ಹನ್ನೆರಡು ಮೂವತ್ತಮೂರು.

ಅವನು ಹಿಂದಿನ ವರ್ಷದ ಪುಸ್ತಕ ತೆಗೆದ. ಅಲ್ಲೂ ಅದೇ. ಗಾಳಿಯಲ್ಲಿ ತೇಲುವ ಹಿಮದ ಧೂಳಿಗೆ ಬುಟ್ಟಿಯ ಕೆಂಪು ಬೆಳಕು ತಾಗಿ ಚದುರಿ ಒಂದೇ ದಿಕ್ಕಿಗೆ ನಡುಗುತ್ತ ಯಂತ್ರದ ಕಣ್ಣಿಗೆ ಬಿದ್ದಿತ್ತು. ಅವನು ಬುಟ್ಟಿಯ ಮುಂದೆ ಹಾದಾಗ ಎರಡು ಕ್ಷಣ ಬೆಳಕು ಮರೆಯಾಗಿತ್ತು. ಹೋಗುವಾಗ ಒಂದು ಕಚ್ಚು, ಬರುವಾಗ ಒಂದು ಕಚ್ಚು. ಎರಡು ದೇಶದ ಪಂಡಿತರು ಸಮೀಕರಣ ಬರೆದದ್ದು ಬೆಟಗೇರಿಯ ಬಿಂದ್ಯಾನ ನೆರಳಿಗೆ. ಯಂತ್ರ ಬಿರುಗಾಳಿಯನ್ನು ಮುಂಚೆ ಕಂಡಿರಲೇ ಇಲ್ಲ. ಉಪಗ್ರಹ ಕೂಗುತ್ತಿತ್ತು, ಇವನು ಹೆದರಿ ದೀಪ ಹಚ್ಚುತ್ತಿದ್ದ, ಆ ದೀಪವನ್ನು ಕಂಡ ಯಂತ್ರ ಹೌದೌದು ಎನ್ನುತ್ತಿತ್ತು. ಉಪಗ್ರಹದ ದನಿಯನ್ನೇ ಅದು ಮಿಮಿಕ್ರಿ ಮಾಡುತ್ತಿತ್ತು. ಮೊದಲ ವರ್ಷದ ಮೂರಕ್ಕೆ ಮೂರು ಬರೀ ಅದೃಷ್ಟ.

ಈಗ ಎದ್ದು ಹೋಗಿ ಹೇಳಬೇಕಿತ್ತು. ಮೇಡಂ ಅಡುಗೆಮನೆಯಲ್ಲಿ ನೀರುದೋಸೆ ಹುಯ್ಯುತ್ತ, ಪದಕ ತೆಗೆದುಕೊಳ್ಳುವ ದಿನ ಆಡುವ ನಾಲ್ಕು ಮಾತನ್ನು ಗೊಣಗಿ ಗೊಣಗಿ ಬಾಯಿಪಾಠ ಮಾಡುತ್ತಿದ್ದರು. ಆ ನಾಲ್ಕು ಮಾತಿನಲ್ಲಿ ಒಂದು ಅವನ ಹೆಸರು. ಅವನು ದೋಸೆ ತಿಂದ. ಚೆನ್ನಾಗಿದೆ ಎಂದ. ಮರುದಿನವೂ ಹೇಳಲಿಲ್ಲ, ಅದರ ಮರುದಿನವೂ ಇಲ್ಲ. ದಿನ ಕಳೆದಂತೆ ಹೇಳಬೇಕಾದ್ದಕ್ಕೆ ಯಾಕೆ ಇಷ್ಟು ದಿನ ಹೇಳಲಿಲ್ಲ ಎಂಬುದೂ ಸೇರಿಕೊಂಡು ಗಂಟು ದೊಡ್ಡದಾಯಿತು. ಕಡೆಗೆ ತನಗೆ ತಾನೇ ಒಂದು ಒಪ್ಪಂದ ಮಾಡಿಕೊಂಡ. ಇನ್ನು ಮುಂದೆ ದೀಪ ಹಚ್ಚುವುದಿಲ್ಲ. ಗೆರೆ ಏರುವುದಿಲ್ಲ, ಕೆಂಪು ರಜೆ ಇರುವುದಿಲ್ಲ, ಯಾರ ಕೈಯೂ ಮುರಿಯುವುದಿಲ್ಲ. ಧ್ರುವಪ್ರಭೆಯ ಸ್ವಭಾವವೇ ಬದಲಾಯಿತೆಂದು ಯಾರೋ ಸಮೀಕರಣ ಬರೆದುಕೊಳ್ಳಲಿ.

ಎಂಟನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಉಪಗ್ರಹ ಕೂಗಿತು. ದೊಡ್ಡ ಕೂಗು, ಆರು ಗಂಟೆಯೊಳಗೆ ಭಾರಿ ಬಿರುಗಾಳಿಯ ಸಂಭವ. ಹಸಿರು ದೀಪಗಳು ಆರಿದವು. ಬಿಂದು ಗಾಜು ಉಜ್ಜಲು ಹೊರಟು, ಬಾಗಿಲಾಚೆ ಮೂರು ಹೆಜ್ಜೆ ಇಟ್ಟು, ನಿಂತ. ಬುಟ್ಟಿ ಹಚ್ಚದೆ ಕಾಲು ಮುಂದೆ ಹೋಗಲಿಲ್ಲ. ಹಿಂದೆ ಬಂದು ಬಾಗಿಲು ಹಾಕಿದ. ಪುಸ್ತಕದಲ್ಲಿ ಹೋದದ್ದು ಹತ್ತು ಗಂಟೆ, ಬಂದದ್ದು ಹತ್ತೂ ಕಾಲು ಎಂದು ಬರೆದ.

ಒಳಗೆ ಮೇಡಂ ಪರದೆ ನೋಡುತ್ತಿದ್ದರು. ಗೆರೆ ಚಪ್ಪಟೆಯಾಗಿ ಮಲಗಿತ್ತು. ಹನ್ನೊಂದರವರೆಗೆ ಕಾದು, ಅವರು ನಿರಾಳವಾಗಿ ಬೆನ್ನು ಚೆಲ್ಲಿದರು.

“ಎಂಥದೂ ಇಲ್ಲ ಬಿಂದುಮಾಧವ. ಉಪಗ್ರಹದ್ದು ಪುನಃ ಹುಸಿ. ತಂತಿಯವರಿಗೆ ಹೇಳಿಬಿಡುವ, ಕರೆಂಟು ತೆಗೆಯುವುದು ಬೇಡ ಅಂತ. ಪಾಪ ಜನ, ನೀರಿಲ್ಲದೆ ಸಾಯುವುದುಂಟು.”

ಅವರು ಫೋನಿಗೆ ಕೈ ಚಾಚಿದರು. ಆಗ ಬಿಂದುವಿಗೆ ತಾನು ಮಾಡಿಕೊಂಡ ಒಪ್ಪಂದದ ಇನ್ನೊಂದು ಮಗ್ಗುಲು ಕಂಡಿತು. ದೀಪ ಉರಿದರೆ ಸುಳ್ಳು ಹೌದು; ಆರಿದರೆ ಸುಳ್ಳು ಇಲ್ಲ. ಬಿರುಗಾಳಿ ಬಂದರೆ, ಬರುವುದಿಲ್ಲವೆಂದು ಠಾಣೆ ಹೇಳಿದ ಕಾರಣಕ್ಕೇ ಅರ್ಧ ಜಗತ್ತಿನ ಟ್ರಾನ್ಸ್‌ಫಾರ್ಮರು ಸುಡುತ್ತವೆ. ಹದಿನಾಲ್ಕು ಗಂಟೆಯ ರಜೆಯಲ್ಲ, ತಿಂಗಳುಗಟ್ಟಲೆ. ಸುಮ್ಮನಿದ್ದು ಪಾರಾಗುವ ದಾರಿ ಇರಲೇ ಇಲ್ಲ.

“ಒಂದು ನಿಮಿಷ ನಿಲ್ಲಿ ಮಾರಾಯ್ರೆ” ಎಂದು ಅವನ ಬಾಯಿಂದ ಬಂತು. ಬಂದದ್ದು ಅವರದೇ ದನಿಯಲ್ಲಿ, ಅವರದೇ ಕಾರ್ಕಳದ ಎಳೆತದಲ್ಲಿ. ಹೆದರಿದಾಗ ನಾಲಿಗೆಗೆ ಬೇರೆ ದಾರಿ ಗೊತ್ತಿರಲಿಲ್ಲ.

ಮೇಡಂ ಮುಖ ಗಂಟಿಕ್ಕಿ, ಇದು ತಮಾಷೆಯ ಹೊತ್ತಲ್ಲ ಎಂದರು. ಅವನು ತನ್ನ ದನಿ ಎಲ್ಲಿತ್ತೋ ಹುಡುಕಿದ. ಸಿಕ್ಕಿದ್ದು ತೆಳ್ಳಗಿತ್ತು, ಹಿತ್ತಲ ಬಾಗಿಲಲ್ಲಿ ನಿಂತ ಹುಡುಗನದು.

“ಫೋನ್ ಮಾಡಬ್ಯಾಡ್ರಿ ಮೇಡಂ. ಆ ಬೆಳಕು ಆಕಾಶದ್ದಲ್ಲ. ನಂದು. ಹೋದ ವರ್ಷದ್ದೂ ನಂದ, ಈ ವರ್ಷದ್ದೂ ನಂದ.”

ಅವರಿಗೆ ಅರ್ಥವಾಗಲಿಲ್ಲ. ಅವನು ಹೇಳಲು ಹೋಗದೆ, ಪರದೆ ನೋಡುತ್ತಿರಿ ಎಂದು ಬೇಡಿಕೊಂಡು ಹೊರಗೆ ಓಡಿದ. ನಡುಗಂಬದವರೆಗೆ ನಲವತ್ತು ಹೆಜ್ಜೆ ಕತ್ತಲಲ್ಲಿ ಹೇಗೆ ದಾಟಿದನೋ, ಬುಟ್ಟಿ ಹಚ್ಚಿದ. ಅದರ ಮುಂದೆ ಆ ಕಡೆ ಒಮ್ಮೆ ಹಾದ, ಈ ಕಡೆ ಒಮ್ಮೆ ಹಾದ. ಒಳಗೆ ಬಂದಾಗ ಗೆರೆ ಶೇಕಡಾ ನಾಲ್ಕಕ್ಕೆ ಏರಿತ್ತು, ಅದರ ನೆತ್ತಿಯಲ್ಲಿ ಎರಡು ಕಚ್ಚು ಹೊಸದಾಗಿ ಬಿದ್ದಿದ್ದವು. ಮೇಡಂ ಅವುಗಳ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಬೆರಳು ನಡುಗುತ್ತಿತ್ತು, ಎಲ್ಲ ದಿಕ್ಕಿಗೂ.

ಎಂಥ ದೀಪ ಎಂದು ಕೇಳಿದರು. ಆಕಾಶಬುಟ್ಟಿ ಎಂದ. ಕಾರ್ತಿಕದ್ದಾ ಎಂದರು. ಅಲ್ಲಿ ಅವನಿಗೊಂದು ಸುಲಭದ ದಾರಿ ತೆರೆದಿತ್ತು. ಹೌದು ಮೇಡಂ, ಸಂಪ್ರದಾಯ, ಅಕ್ಕನ ಮಾತು ಮೀರಲಾಗಲಿಲ್ಲ ಎಂದರೆ ಮುಗಿದಿತ್ತು. ಮನೆದೇವರ ಬೆನ್ನ ಹಿಂದೆ ಅಡಗಬಹುದಿತ್ತು.

“ಅಲ್ರಿ. ನನಗ ಕತ್ತಲಂದ್ರ ಹೆದರಿಕಿ. ಸಣ್ಣಂದಿನಿಂದ.”

ಮೇಡಂ ಅವನನ್ನು ನೋಡಿದರು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

“ನಿಮಗೆ ಇದು ಗೊತ್ತಾದದ್ದು ಯಾವಾಗ?”

“ಎಂಟು ದಿನ ಆತ್ರಿ.”

ಎಂಟು ದಿನ ಎಂದು ಅವರು ಮೆಲ್ಲಗೆ ಹೇಳಿಕೊಂಡರು. ಎಂಟು ದಿನದಲ್ಲಿ ಇಬ್ಬರೂ ಕೂತು ಎಷ್ಟು ದೋಸೆ ತಿಂದಿದ್ದರೆಂದು ಲೆಕ್ಕ ಹಾಕಿದಂತಿತ್ತು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವರು ಫೋನು ಎತ್ತಿಕೊಂಡು, ಠಾಣೆಯ ಮಾತಿನ ಮೇಲೆ ಗುಂಡಿ ಒತ್ತುವುದನ್ನು ಮೊದಲು ನಿಲ್ಲಿಸಿ ಎಂದು ಹೇಳಿದರು. ಆಮೇಲೆ, ತಂತಿಯ ಹಿರಿಯ ಅಧಿಕಾರಿ ಬಂದ ಮೇಲೆ, ಯಂತ್ರ ಕಂಡದ್ದು ಆಕಾಶವನ್ನಲ್ಲ, ತಮ್ಮದೇ ಅಂಗಳದ ದೀಪವನ್ನು ಎಂದು ಒಂದೊಂದೇ ಶಬ್ದ ಬಿಡಿಸಿ ಹೇಳಿದರು. ಹಿಂದಿನ ವರ್ಷದ ಪ್ರಬಂಧವೂ ಅದೇ ದೀಪದ್ದು ಎಂದರು. ಆ ಕಡೆಯ ದನಿ ಯಾರ ತಪ್ಪು ಎಂದು ಕೇಳಿತು. ಬಿಂದು ಮುಂದೆ ಬಂದ. ಅವರು ಕೈಯೆತ್ತಿ ತಡೆದರು.

“ತಪ್ಪು ನನ್ನದು. ಒಂದು ಸಲ ಹೊರಗೆ ಹೋಗಿ ನೋಡಬೇಕಿತ್ತು. ಎರಡು ವರ್ಷ ನೋಡಲಿಲ್ಲ.”

ಹಾಗಾದರೆ ಈಗ ಕರೆಂಟು ತೆಗೆಯಬೇಕೋ ಬೇಡವೋ ಎಂದಿತು ದನಿ. ನನಗೆ ಗೊತ್ತಿಲ್ಲ ಎಂದರು ಯಶೋಧರಾ ಪಡಿವಾಳ್. ಇಪ್ಪತ್ತೆಂಟು ವರ್ಷದ ಕೆಲಸದ ಕೊನೆಗೆ ಆ ಎರಡು ಶಬ್ದ ಹೇಳಲು ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಬಿಂದು ಜೀವಮಾನ ಮರೆಯಲಾರ. ನಮ್ಮನ್ನು ಕೇಳಬೇಡಿ, ಉಪಗ್ರಹವನ್ನು ಕೇಳಿ ಎಂದು ಫೋನಿಟ್ಟರು.

ತಂತಿಯವರು ಅರ್ಧ ಭಾರ ಇಳಿಸಿದರು. ಬಿರುಗಾಳಿ ಎರಡು ಗಂಟೆಗೆ ಬಡಿಯಿತು. ಎಲ್ಲೋ ಎರಡು ಟ್ರಾನ್ಸ್‌ಫಾರ್ಮರು ಕಾದವು, ಸುಡಲಿಲ್ಲ. ಪ್ರಭೆ ಎಷ್ಟು ಕೆಂಪಾಗಿ ಎದ್ದಿದೆಯೆಂದು ಉಪಗ್ರಹ ಹೇಳುತ್ತಿತ್ತು. ಇಬ್ಬರೂ ಹೊರಗೆ ಹೋಗಿ ನೋಡಲಿಲ್ಲ. ಮೇಡಂ ಪದಕ ಬೇಡವೆಂಬ ಪತ್ರ ಬರೆಯುತ್ತಿದ್ದರು.

ಅಂಬಕ್ಕನಿಗೆ ಬಿಂದು ತಾನೇ ಕಾಲ್ ಮಾಡಿದ. ಯಾರ ದನಿಯನ್ನೂ ತೆಗೆಯದೆ, ನಡುವೆ ಎಲ್ಲೂ ನಿಲ್ಲದೆ ಹೇಳಿ ಮುಗಿಸಿದ. ಬುಟ್ಟಿ, ನೆರಳು, ಬಂದ್ ಮಾಡಿದ ಪಂಪು, ಅವಳ ಕೈ, ಎಂಟು ದಿನ. ಅವಳು ಪ್ಲಾಸ್ಟರಿನ ಕೈಯನ್ನು ಮಡಿಲಿಂದ ಎತ್ತಿ ಮೇಜಿನ ಮೇಲಿಟ್ಟಳು.

“ನೀ ಇನ್ನೂ ಅಂಜತೀ ಅಂತ ನನಗ ಗೊತ್ತಿತ್ತೋ. ಅದಕ್ಕ ಬ್ಯಾಟರಿ ಬಲ್ಬ್ ಹಾಕಿ ಕಳಿಸಿದ್ದೆ. ಕಾರ್ತಿಕ ಅಂತ ಬರದದ್ದು, ನಿನಗ ನಾಚಿಕಿ ಆಗಬಾರದಂತ.”

ಅವನು ತಲೆ ಎತ್ತಲಿಲ್ಲ. ನಳದ ಸಾಲಿನಲ್ಲಿ ತಾನು ಆಡಿದ್ದ ಮಾತುಗಳು ಅವಳಿಗೆ ಒಂದೊಂದಾಗಿ ನೆನಪಾಗುತ್ತಿದ್ದವೆಂದು ಅವನಿಗೆ ಗೊತ್ತಿತ್ತು. ನಾಳೆ ನೀರು ಬರುತ್ತದೆ, ಎಲ್ಲರೂ ಇರುತ್ತಾರೆ, ಹೇಳುತ್ತೇನೆ ಎಂದಳು. ನಾನೇ ಹೇಳುತ್ತೇನೆ, ಫೋನು ಹಿಡಿದುಕೊಂಡು ನಿಲ್ಲು ಎಂದ ಅವನು. ಬೈಯುತ್ತಾರೆ ನೋಡು ಎಂದಳು. ಬೈಯಲಿ ಎಂದ.

ನಾಲ್ಕು ಗಂಟೆಗೆ ಬಿರುಗಾಳಿ ಇನ್ನೂ ಮೇಲಿತ್ತು. ಮೇಡಂ ಪತ್ರ ಮುಗಿಸಿ, ಅವನತ್ತ ತಿರುಗದೆಯೇ, ಗಾಜು ಉಜ್ಜಿ ಆಗಿದೆಯಾ ಎಂದು ಕೇಳಿದರು. ಬೆಳಗಿನಿಂದ ಒಮ್ಮೆಯೂ ಉಜ್ಜಿಲ್ಲ, ಪುಸ್ತಕದಲ್ಲಿ ಬರೆದದ್ದು ಸುಳ್ಳು ಎಂದ. ಹಾಗಾದರೆ ಉಜ್ಜಿ ಬನ್ನಿ, ಆಕಾಶ ಒಂದು ಉಂಟಲ್ಲ, ಅದನ್ನಾದರೂ ನೋಡುವ ಎಂದರು.

ಬಿಂದು ಹೊರಟ. ನಡುಗಂಬದಲ್ಲಿ ಇನ್ನೂ ಉರಿಯುತ್ತಿದ್ದ ಬುಟ್ಟಿಯನ್ನು ಆರಿಸಿ, ಬಿಚ್ಚಿ, ಮಡಚಿ, ಕೋಟಿನೊಳಗೆ ಇಟ್ಟುಕೊಂಡ. ಮೋಡ ಕವಿದಿತ್ತೋ ಹಿಮ ಹಾರುತ್ತಿತ್ತೋ, ಮೇಲೆ ಬಣ್ಣ ಏನೂ ಕಾಣಲಿಲ್ಲ. ಹೆಡ್ಮಾಸ್ತರರು ಬಾಯಿತುದಿಗೆ ಬಂದರು, ಕರೆಯಲಿಲ್ಲ. ರೈಲು ಸಾರುವವಳು ಬಂದಳು, ಅವಳನ್ನೂ ಕರೆಯಲಿಲ್ಲ. ಎರಡೂ ಕೈಯಲ್ಲಿ ಹಗ್ಗ ಹಿಡಿದು, ಹಲ್ಲು ಕಚ್ಚಿ ಹೋದ. ಗಾಜು ಉಜ್ಜಿದ. ಬಂದ. ಹೋಗುವಾಗಲೂ ಬರುವಾಗಲೂ ಹೆದರಿಕೆ ಜೊತೆಗೇ ಇತ್ತು.

ಒಳಗೆ ಬಂದು ಪುಸ್ತಕದಲ್ಲಿ ಬೆಳಗಿನ ಸಾಲನ್ನು ಹೊಡೆದು ಹಾಕಿ ಬರೆದ: ಹೋದದ್ದು ನಾಲ್ಕು ಹತ್ತು, ಬಂದದ್ದು ನಾಲ್ಕು ಮೂವತ್ತೊಂದು. ಆಮೇಲೆ ಮೇಡಂ ಹಿಂದೆ ನಿಂತು ಪರದೆ ನೋಡಿದ. ಬುಟ್ಟಿ ಆರಿದಲ್ಲಿ ಗೆರೆ ಕೆಳಗೆ ಬಿದ್ದು, ಆಮೇಲೆ ಶೇಕಡಾ ಒಂದಕ್ಕೂ ಏರದೆ ನಡುಗುತ್ತ ಸಾಗಿತ್ತು. ಅಲ್ಲಿಂದ ನಾಲ್ಕು ಮೂವತ್ತೊಂದರವರೆಗೆ ಅವನು ಹುಡುಕಿದ, ಮೇಡಂ ಕೂಡ ಹುಡುಕಿದರು. ಎಲ್ಲೂ ಒಂದು ಕಚ್ಚು ಇರಲಿಲ್ಲ.